ಮಾರ್ಕನ ಕೊನೆಯ ಪುಟ

ಸಭೆಗೆ ನಮಸ್ಕಾರ.

ಸತ್ಯವೇದದ, ಅಂದರೆ ಬೈಬಲಿನ, ವಿಚಾರ ಮಾತನಾಡಲು ಕನ್ನಡ ಮೇಷ್ಟರನ್ನು ಏಕೆ ಕರೆದಿರಿ ಎಂದು ಇಲ್ಲಿಗೆ ಬರುವ ದಾರಿಯಲ್ಲಿ ಸ್ನೇಹಿತರೊಬ್ಬರು ಕೇಳಿದರು. ನಾನು ಓಲೆಗರಿ ಓದುವವನು. ಅದೇ ನನಗಿರುವ ಅರ್ಹತೆ.

ಗುಬ್ಬಿ ಕಡೆಯ ಒಂದು ಮನೆಯ ಅಟ್ಟದಿಂದ ಇಳಿಸಿದ ಕಟ್ಟೊಂದು ಹಿಂದೊಮ್ಮೆ ನನ್ನ ಕೈಗೆ ಬಂತು. ಗರಿಗೆ ಮಸಿ ಸವರಿ ಬಟ್ಟೆಯಿಂದ ಒರೆಸಿದರೆ ಕಂಠ ಎಂಬ ಮೊನಚು ಲೇಖನಿಯಲ್ಲಿ ಕೊರೆದ ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ಪದ ಪದಕ್ಕೆ ನಡುವೆ ಜಾಗವಿಲ್ಲ. ಒಂದು ಸಾಲು ‘ಅಯ್ಯಾ’ ಎಂದು ಮುಗಿದು ಅದರ ಕೆಳಗಿನದೂ ‘ಅಯ್ಯಾ’ ಎಂದೇ ಮುಗಿದರೆ, ಬರೆಯುವವನ ಕಣ್ಣು ಜಾರಿ ಆ ಕೆಳಗಿನ ಸಾಲು ಬಿಟ್ಟೇ ಹೋಗುತ್ತದೆ. ಕೊನೆಯ ಗರಿಯಲ್ಲಿ ಲಿಪಿಕಾರ ಹೇಳಿಕೊಳ್ಳುತ್ತಾನೆ: ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ದೋಷ ನನ್ನದಲ್ಲ.

ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು 5,000ಕ್ಕೂ ಹೆಚ್ಚು ಉಳಿದಿವೆ. ಹಳೆಯ ಪ್ರತಿಗಳಲ್ಲಿ ಅಲ್ಲಿಯೂ ಪದಗಳ ನಡುವೆ ಜಾಗವಿಲ್ಲ; ಕಣ್ಣು ಜಾರಿದ್ದೂ ಹೀಗೆಯೇ. ಪಂಪನ ಕಾವ್ಯಕ್ಕೆ, ಶರಣರ ವಚನಕ್ಕೆ ನಾವು ಪಾಠಾಂತರ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಮಾತು, ನೋಡುತ್ತೇವಲ್ಲ, ಅದೇ ಕೆಲಸವನ್ನು ಯೇಸುವಿನ ಕತೆ ಹೇಳುವ ಸುವಾರ್ತೆಗಳ ಮೇಲೂ ಮಾಡುತ್ತಾ ಬಂದಿದ್ದಾರೆ.

ಈಗ ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯಕ್ಕೆ ಬರುತ್ತೇನೆ. ಬೆಳಗಿನ ಜಾವ ಹೆಂಗಸರು ಸಮಾಧಿಗೆ ಹೋಗುತ್ತಾರೆ. ಕಲ್ಲು ಉರುಳಿದೆ. ಯೇಸು ಎದ್ದಿದ್ದಾನೆ ಎಂಬ ಮಾತು ಕೇಳಿ ನಡುಗುತ್ತಾ ಓಡಿಹೋಗುತ್ತಾರೆ. ಹೆದರಿದ್ದರಿಂದ ಯಾರಿಗೂ ಏನೂ ಹೇಳುವುದಿಲ್ಲ. ಇದು 8ನೆಯ ವಚನ. ನಾಲ್ಕನೆಯ ಶತಮಾನದ ಎರಡು ದೊಡ್ಡ ಗ್ರೀಕ್ ಪ್ರತಿಗಳಲ್ಲಿ, ಅಂದರೆ ಸಿನಾಯ್ ಪ್ರತಿಯಲ್ಲೂ ವ್ಯಾಟಿಕನ್ ಪ್ರತಿಯಲ್ಲೂ, ಸುವಾರ್ತೆ ಇಲ್ಲಿಗೇ ನಿಲ್ಲುತ್ತದೆ. ನಮ್ಮ ಕೈಯಲ್ಲಿರುವ 9ರಿಂದ 20ರವರೆಗಿನ ಹನ್ನೆರಡು ವಚನಗಳು ಅಲ್ಲಿ ಇಲ್ಲ.

ಹಾಗೆಂದು ಅವನ್ನು ತಕ್ಷಣ ಎತ್ತಿಹಾಕುವಂತಿಲ್ಲ. ಎರಡನೆಯ ಶತಮಾನದ ಬಿಷಪ್ ಇರೇನಿಯಸ್ ಅವುಗಳಲ್ಲಿ ಒಂದನ್ನು ಮಾರ್ಕನ ಮಾತೆಂದೇ ಉದ್ಧರಿಸುತ್ತಾನೆ. ಆದ್ದರಿಂದ ಅವೂ ಬಹಳ ಹಳೆಯವು. ಆದರೆ ಪಠ್ಯವನ್ನೇ ಹತ್ತಿರದಿಂದ ನೋಡಿ. 1ನೆಯ ವಚನದಲ್ಲೇ ಮಗ್ದಲದ ಮರಿಯಳು ಸಮಾಧಿಗೆ ಹೊರಟಿದ್ದಾಳೆ. 9ನೆಯ ವಚನ ಮಾತ್ರ ಅವಳನ್ನು ಹೊಸಬಳೆಂಬಂತೆ, ಏಳು ದೆವ್ವಗಳು ಬಿಟ್ಟುಹೋದವಳು ಎಂದು ಪರಿಚಯಿಸುತ್ತದೆ. ಒಬ್ಬನೇ ಲೇಖಕ ಎಂಟು ವಚನಗಳೊಳಗೆ ಹೀಗೆ ಮರೆಯುತ್ತಾನೆಯೇ? ಕತೆ ಹೆದರಿಕೆಯಲ್ಲಿ ಮುಗಿದದ್ದನ್ನು ಸಹಿಸಲಾರದ ಭಕ್ತರು ಬೇರೆಡೆಯಿಂದ ತಿಳಿದದ್ದನ್ನು ಸೇರಿಸಿ ಪೂರ್ತಿಗೊಳಿಸಿದರೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ನನಗೂ ಅದೇ ಸರಿ ಎನಿಸುತ್ತದೆ. ಆ 8ನೆಯ ವಚನದ ಮೌನವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಸಾಕ್ಷಿ ಸಿಕ್ಕಿದ್ದು 1892ರಲ್ಲಿ. ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಒಂಟೆಯ ಮೇಲೆ ಸಿನಾಯ್ ಮರುಭೂಮಿ ದಾಟಿ ಸಂತ ಕ್ಯಾಥರೀನ್ ಮಠಕ್ಕೆ ಹೋದರು. ಇಬ್ಬರಿಗೂ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಆಗ್ನೆಸ್ ಸಿರಿಯಾಕ್ ಎಂಬ ಪ್ರಾಚೀನ ಭಾಷೆಯನ್ನು ಕಲಿತೇ ಹೊರಟಿದ್ದರು. ಕೊಳೆ ಹಿಡಿದು ಅಂಟಿಕೊಂಡಿದ್ದ ಚರ್ಮದ ಹಾಳೆಗಳಲ್ಲಿ ಮೇಲೆ ಸಂತ ಸ್ತ್ರೀಯರ ಕತೆಗಳು, ಅವುಗಳಡಿ ಅಳಿಸಿಹೋದ ಬೇರೊಂದು ಬರಹ. ಅದು ಸಿರಿಯಾಕ್ ಸುವಾರ್ತೆಗಳೆಂದು ಆಗ್ನೆಸ್ ಗುರುತು ಹಿಡಿದರು. ಅಲ್ಲಿಯೂ ಮಾರ್ಕ 8ನೆಯ ವಚನಕ್ಕೇ ಮುಗಿಯುತ್ತಾನೆ.

ಪ್ರತಿಗಳಲ್ಲಿ ಎರಡು ಪಾಠಗಳಿದ್ದರೆ ಕ್ಲಿಷ್ಟ ಪಾಠವೇ, ಅಂದರೆ ಒಪ್ಪಲು ಕಷ್ಟವಾದದ್ದೇ, ಮೂಲಕ್ಕೆ ಹತ್ತಿರ ಎಂಬ ಸೂತ್ರವನ್ನು ಗ್ರಂಥಸಂಪಾದನೆ ಓದಿದವರೆಲ್ಲ ಬಲ್ಲರು. ಮಾರ್ಕನ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯನ್ನು ಕಂಡು ಯೇಸು ಕನಿಕರಪಟ್ಟನೆಂದು ಬಹುಪಾಲು ಪ್ರತಿಗಳು ಹೇಳಿದರೆ, ಬೆರಳೆಣಿಕೆಯಷ್ಟು ಹಳೆಯ ಪ್ರತಿಗಳು ಕೋಪಗೊಂಡನೆನ್ನುತ್ತವೆ. ಕೋಪವನ್ನು ಕನಿಕರವಾಗಿ ತಿದ್ದುವವರು ಸಿಗುತ್ತಾರೆ; ಕನಿಕರವನ್ನು ಕೋಪವಾಗಿ ತಿದ್ದುವವರು ಯಾರು? ಇದಿನ್ನೂ ಇತ್ಯರ್ಥವಾಗಿಲ್ಲ.

ಇಂಥ ಪ್ರಶ್ನೆಗಳಿಂದ ಭಕ್ತಿ ಕುಂದುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆ ಕಣ್ಣು ಸವೆಸುವವನಿಗೆ ಆ ಗ್ರಂಥದ ಮೇಲೆ ಪ್ರೀತಿಯಿಲ್ಲ ಎನ್ನುವುದು ಹೇಗೆ? ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಕನ್ನಡ ಕಲಿತು, ಇಡೀ ಸತ್ಯವೇದವನ್ನು ಕನ್ನಡಕ್ಕೆ ತರುವುದರಲ್ಲಿ ಹಲವು ವರ್ಷ ಕಳೆದ. ಅವನ ನಂತರವೂ ಕನ್ನಡ ಅನುವಾದ ಮತ್ತೆ ಮತ್ತೆ ಪರಿಷ್ಕಾರಗೊಂಡಿದೆ.

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಜ್ಜಿ ಓದುತ್ತಿದ್ದ ಹಳೆಯ ಮುದ್ರಣಗಳಿವೆ ಎಂದು ಕೇಳಿದ್ದೇನೆ. ಮುಂದಿನ ಶನಿವಾರ ಇದೇ ಹೊತ್ತಿಗೆ ಅವನ್ನು ತನ್ನಿ. ರಟ್ಟು ಕಿತ್ತುಹೋಗಿದ್ದರೂ ಚಿಂತೆಯಿಲ್ಲ, ಬಟ್ಟೆಯಲ್ಲಿ ಸುತ್ತಿ ತನ್ನಿ. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟು, ಮಾರ್ಕನ ಹದಿನಾರನೆಯ ಅಧ್ಯಾಯದಿಂದ ಶುರು ಮಾಡೋಣ.