ನಕ್ಷೆಯೊಳಗಿನ ದಿನಾಂಕ: ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳನ್ನು ನೋಡುವ ಬಗೆ

[ತೆರೆಯ ಮೇಲೆ: ಅರಲ್ ಸಮುದ್ರದ ಉಪಗ್ರಹ ಚಿತ್ರ, ಟೈಮ್‌ಲ್ಯಾಪ್ಸ್ (ವರ್ಷದಿಂದ ವರ್ಷಕ್ಕೆ ಓಡುವ ಚಿತ್ರಸರಣಿ) 1984ರಲ್ಲಿ ನಿಂತಿದೆ.]

ನೀವೀಗ ನೋಡುತ್ತಿರುವುದು ಕಜಾಕಿಸ್ತಾನ ಮತ್ತು ಉಜ್ಬೇಕಿಸ್ತಾನಗಳ ನಡುವೆ ಇರುವ ಅರಲ್ ಸಮುದ್ರ. ಇದಕ್ಕೆ ನೀರು ತರುತ್ತಿದ್ದ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳನ್ನು 1960ರ ದಶಕದಲ್ಲಿ ಹತ್ತಿಯ ಬೆಳೆಗಾಗಿ ದೊಡ್ಡ ಪ್ರಮಾಣದಲ್ಲಿ ತಿರುಗಿಸಲಾಯಿತು. ಹೀಗಾಗಿ ಈ ಚಿತ್ರಸರಣಿ ಆರಂಭವಾಗುವ ಹೊತ್ತಿಗಾಗಲೇ ನೀರಿನ ಅಂಚು ಹಿಂದೆ ಸರಿಯತೊಡಗಿತ್ತು. ವರ್ಷಗಳನ್ನು ಮುಂದಕ್ಕೆ ಓಡಿಸಿದಂತೆ ದಕ್ಷಿಣ ಭಾಗ ಎರಡು ಹೋಳಾಗುವುದೂ ಅದರ ಪೂರ್ವದ ಹೋಳು 2014ರಲ್ಲಿ ಒಣಗಿಹೋಗುವುದೂ ಕಾಣುತ್ತದೆ. ಉತ್ತರದ ಚಿಕ್ಕ ಭಾಗ ಮಾತ್ರ, 2005ರಲ್ಲಿ ಕೋಕ್-ಅರಲ್ ಅಣೆಕಟ್ಟು ಎದ್ದ ಮೇಲೆ, ಸ್ವಲ್ಪಮಟ್ಟಿಗೆ ಚೇತರಿಸಿಕೊಂಡಿದೆ.

ಕೀಹೋಲ್ ಎಂಬ ಕಂಪನಿಯ ತಂತ್ರಾಂಶವನ್ನು ಆಧರಿಸಿ 2005ರಲ್ಲಿ ಗೂಗಲ್ ಅರ್ಥ್ ಬಂದಾಗ, ಒಂದು ಜಾಗ ಎಲ್ಲಿದೆ, ಮೇಲಿನಿಂದ ಹೇಗೆ ಕಾಣುತ್ತದೆ ಎಂಬುದನ್ನು ನೋಡುವುದೇ ದೊಡ್ಡ ಆಕರ್ಷಣೆಯಾಗಿತ್ತು. 2009ರಲ್ಲಿ ಕಂಪ್ಯೂಟರ್ ಆವೃತ್ತಿಗೆ ಹಳೆಯ ಚಿತ್ರಗಳನ್ನು ತೋರಿಸುವ ಪಟ್ಟಿ ಸೇರಿತು. 2021ರ ಏಪ್ರಿಲ್‌ನಲ್ಲಿ ಸುಮಾರು 2.4 ಕೋಟಿ ಉಪಗ್ರಹ ಚಿತ್ರಗಳಿಂದ ರಚಿಸಿದ ಟೈಮ್‌ಲ್ಯಾಪ್ಸ್ ಬಂತು. 2024ರಲ್ಲಿ ಹಳೆಯ ಚಿತ್ರಗಳ ಸೌಲಭ್ಯ ಬ್ರೌಸರ್‌ಗೂ ಮೊಬೈಲಿಗೂ ವಿಸ್ತರಿಸಿದ್ದರಿಂದ, ಲಂಡನ್, ಬರ್ಲಿನ್, ವಾರ್ಸಾ, ಪ್ಯಾರಿಸ್‌ನಂಥ ನಗರಗಳ 1930ರ ದಶಕದ ವಿಮಾನ ಛಾಯಾಚಿತ್ರಗಳನ್ನೂ ಅಲ್ಲಿಯೇ ತೆರೆದು ನೋಡಬಹುದಾಗಿದೆ. ಈ ತಂತ್ರಾಂಶದಲ್ಲಿ ಇತ್ತೀಚೆಗೆ ಸೇರಿರುವ ಹಲವು ಸೌಲಭ್ಯಗಳ ಪೈಕಿ ನಿಜಕ್ಕೂ ಮಹತ್ವದ್ದು ಇದೇ ಎಂಬುದು ನನ್ನ ಅಭಿಪ್ರಾಯ.

[ತೆರೆಯ ಮೇಲೆ: ಮೋಡ ಕವಿದ ಹಲವು ಚಿತ್ರಗಳು ಒಂದರ ಮೇಲೊಂದು ಬಂದು, ಕೊನೆಗೆ ಒಂದು ಶುಭ್ರ ಚಿತ್ರ.]

ಟೈಮ್‌ಲ್ಯಾಪ್ಸ್‌ನಲ್ಲಿ ಮೋಡಗಳೇ ಕಾಣುವುದಿಲ್ಲವೇಕೆ ಎಂಬ ಪ್ರಶ್ನೆ ನೋಡುವವರಿಗೆ ಸಹಜವಾಗಿ ಬರುತ್ತದೆ. ಇದರ ಮೂಲ ಸಾಮಗ್ರಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಮತ್ತು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳಿಂದ ಬಂದಿದೆ. ಮೊದಲನೆಯದರ ಬಹುವರ್ಣ ಚಿತ್ರಗಳಲ್ಲಿ ಒಂದು ಪಿಕ್ಸೆಲ್ 30 ಮೀಟರ್ ಅಗಲದ ನೆಲವನ್ನು, ಎರಡನೆಯದರಲ್ಲಿ 10 ಮೀಟರ್ ಅಗಲದ ನೆಲವನ್ನು ಪ್ರತಿನಿಧಿಸುತ್ತದೆ. ಒಂದೇ ಜಾಗವನ್ನು ವರ್ಷದುದ್ದಕ್ಕೂ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಪಿಕ್ಸೆಲ್ ಪಿಕ್ಸೆಲ್ ಆಗಿ ಹೋಲಿಸಿ, ಮೋಡ ಮತ್ತು ನೆರಳು ಬಿದ್ದವುಗಳನ್ನು ಬಿಟ್ಟು, ಉಳಿದವುಗಳಿಂದ ಆ ವರ್ಷಕ್ಕೆ ಒಪ್ಪುವ ಒಂದು ಬಣ್ಣವನ್ನು ಆರಿಸುತ್ತದೆ. ಎಂದರೆ, 1998ರದೆಂದು ನಾವು ನೋಡುವ ಚಿತ್ರ 1998ರ ಯಾವ ಒಂದು ದಿನದ್ದೂ ಅಲ್ಲ. ಕಾಡು, ಹಿಮನದಿ, ನಗರಗಳ ನಿಧಾನದ ಬದಲಾವಣೆಗೆ ಇದು ಅತ್ಯುತ್ತಮ ಸಾಧನ. ಎರಡು ವಾರ ನಿಂತು ಇಳಿದುಹೋದ ಪ್ರವಾಹವನ್ನು ಹುಡುಕುವವರಿಗೆ ಮಾತ್ರ ಇದು ಬಹುಮಟ್ಟಿಗೆ ನಿರುಪಯುಕ್ತ.

ಅಂಥ ವೇಗದ ಬದಲಾವಣೆಗೆ 2022ರಲ್ಲಿ ಬಂದ ಡೈನಮಿಕ್ ವರ್ಲ್ಡ್ ಹೆಚ್ಚು ಹೊಂದುತ್ತದೆ. ಗೂಗಲ್ ಮತ್ತು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸೇರಿ ರೂಪಿಸಿದ ಇದು, ಸೆಂಟಿನೆಲ್-2ರ ಚಿತ್ರ ಬಂದ ಕೆಲವೇ ದಿನಗಳಲ್ಲಿ ಪ್ರತಿಯೊಂದು ಪಿಕ್ಸೆಲನ್ನು ನೀರು, ಮರಗಳು, ಬೆಳೆ, ಕಟ್ಟಡ, ಹಿಮ ಮುಂತಾದ 9 ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಅದು ಬರೀ ಉತ್ತರ ಕೊಟ್ಟು ಸುಮ್ಮನಾಗದೆ, ಆ ಪಿಕ್ಸೆಲ್ ಪ್ರತಿಯೊಂದು ವರ್ಗಕ್ಕೂ ಸೇರುವ ಸಂಭವ ಎಷ್ಟೆಂಬುದನ್ನೂ ತಿಳಿಸುತ್ತದೆ. ಇಂಥ ಪ್ರಾಮಾಣಿಕತೆ ನಕ್ಷೆಗಳಲ್ಲಿ ಅಪರೂಪ.

[ತೆರೆಯ ಮೇಲೆ: ಮೊಜಾಂಬಿಕ್‌ನ ಉತ್ತರ ಭಾಗದಲ್ಲಿ ಮಬು ಬೆಟ್ಟದ ಹಸಿರು.]

ಮನೆಯಲ್ಲಿ ಕುಳಿತು ಭೂಗೋಳ ತಿರುಗಿಸುವುದರಿಂದ ವಿಜ್ಞಾನಕ್ಕೇನು ಲಾಭ ಎಂದು ಕೇಳುವವರಿಗೆ ಈ ಬೆಟ್ಟ ಒಳ್ಳೆಯ ಉತ್ತರ. 2005ರಲ್ಲಿ ಸಂರಕ್ಷಣಾ ವಿಜ್ಞಾನಿ ಜೂಲಿಯನ್ ಬೇಲಿಸ್ ಅವರು ಗೂಗಲ್ ಅರ್ಥ್‌ನಲ್ಲಿ ಎತ್ತರದ ಬೆಟ್ಟಗಳನ್ನು ಹುಡುಕುತ್ತಿದ್ದಾಗ, ಹೊರಗಿನ ಜೀವವಿಜ್ಞಾನಿಗಳು ಅಧ್ಯಯನ ಮಾಡಿರದ ಈ ದಟ್ಟ ಮಳೆಕಾಡು ಕಣ್ಣಿಗೆ ಬಿತ್ತು. ಸುತ್ತಲಿನ ಹಳ್ಳಿಗಳವರಿಗೆ ಅದು ಮೊದಲೇ ಗೊತ್ತಿತ್ತು ಎಂಬುದನ್ನು ಮರೆಯಬಾರದು. ನಂತರ ಅಲ್ಲಿಗೆ ಹೋದ ತಂಡಗಳು ಚಿಟ್ಟೆ, ಊಸರವಳ್ಳಿ ಹಾಗೂ ಒಂದು ವಿಷದ ಹಾವು ಸೇರಿದಂತೆ ಹಲವು ಹೊಸ ಪ್ರಭೇದಗಳನ್ನು ಗುರುತಿಸಿದವು. ಅಂಟಾರ್ಕ್ಟಿಕಾದಲ್ಲಿಯೂ ಎಂಪರರ್ ಪೆಂಗ್ವಿನ್‌ಗಳ ನೆಲೆಗಳನ್ನು ವಿಜ್ಞಾನಿಗಳು ಉಪಗ್ರಹ ಚಿತ್ರಗಳಿಂದಲೇ ಪತ್ತೆಹಚ್ಚಿದ್ದಾರೆ. ಹಕ್ಕಿಗಳಲ್ಲ, ಹಿಮದ ಮೇಲೆ ಅವುಗಳ ಹಿಕ್ಕೆ ಬಿಟ್ಟ ಕಂದು ಕಲೆ ಅಲ್ಲಿ ಕಂಡಿತ್ತು.

ಮೂರು ಆಯಾಮದ ನಗರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಮಾನದಿಂದ ಬೇರೆ ಬೇರೆ ಕೋನಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ಹೋಲಿಸಿ ಕಂಪ್ಯೂಟರ್ ಈ ಆಕೃತಿಗಳನ್ನು ಲೆಕ್ಕಹಾಕುತ್ತದೆ. ಆದ್ದರಿಂದಲೇ ಕ್ಯಾಮೆರಾಗೆ ಕಾಣದ ಸೇತುವೆಯ ತಳಭಾಗ, ಮರದ ಕೊಂಬೆಗಳು ಕರಗಿದಂತೆ ತೋರುತ್ತವೆ. ನೋಡಲು ಸೊಗಸಾದರೂ ಅಳತೆಗೆ ಅದನ್ನೇ ಪೂರ್ತಿ ನಂಬುವಂತಿಲ್ಲ.

[ತೆರೆಯ ಮೇಲೆ: ನ್ಯೂ ಕ್ಯಾಲೆಡೋನಿಯಾದ ಪಶ್ಚಿಮಕ್ಕೆ ಬರೀ ನೀಲಿ ಕಡಲು.]

ನಂಬಿಕೆಯ ಮಾತು ಬಂದಾಗ ಸ್ಯಾಂಡಿ ದ್ವೀಪದ ಪ್ರಕರಣವನ್ನು ಹೇಳಲೇಬೇಕು. ಹಳೆಯ ನೌಕಾ ನಕ್ಷೆಗಳಿಂದ ಡಿಜಿಟಲ್ ದತ್ತಾಂಶಕ್ಕೆ ನಕಲಾಗುತ್ತ ಬಂದಿದ್ದ ಈ ದ್ವೀಪ ಗೂಗಲ್‌ನ ನಕ್ಷೆಯಲ್ಲಿಯೂ ಇತ್ತು. 2012ರಲ್ಲಿ ಸದರ್ನ್ ಸರ್ವೇಯರ್ ಎಂಬ ಆಸ್ಟ್ರೇಲಿಯಾದ ಸಂಶೋಧನಾ ಹಡಗು ಅಲ್ಲಿಗೆ ಹೋದಾಗ ದ್ವೀಪವಿರಬೇಕಾದ ಕಡೆ ಸಿಕ್ಕಿದ್ದು ಸಾವಿರ ಮೀಟರಿಗೂ ಹೆಚ್ಚು ಆಳದ ನೀರು. ನಕ್ಷೆಯ ಗೆರೆಗಳು ಒಂದು ಮೂಲದಿಂದ, ಅದರ ಕೆಳಗಿನ ಚಿತ್ರ ಇನ್ನೊಂದು ಮೂಲದಿಂದ ಬರುತ್ತವೆ; ಎರಡೂ ಒಂದೇ ತೆರೆಯಲ್ಲಿ ಕಾಣುತ್ತವೆ ಎಂದ ಮಾತ್ರಕ್ಕೆ ಒಂದಕ್ಕೊಂದು ಸಾಕ್ಷಿಯಾಗುವುದಿಲ್ಲ.

ಹತ್ತಿರದಿಂದ ನೋಡುವ ಚಿತ್ರಗಳಲ್ಲಿ ಅಕ್ಕಪಕ್ಕದ ಎರಡು ತುಂಡುಗಳಿಗೂ ಬೇರೆ ಬೇರೆ ದಿನಾಂಕವಿರಬಹುದಾದ್ದರಿಂದ, ಪರದೆಯ ಕೆಳಗೆ ತೋರುವ ದಿನಾಂಕವನ್ನು ಮೊದಲು ಗಮನಿಸಿ. ಒಂದು ಕೆರೆ ಕುಗ್ಗಿದೆಯೇ ಎಂದು ತಿಳಿಯಲು ಎರಡು ವರ್ಷಗಳ ಚಿತ್ರಗಳನ್ನು ಹೋಲಿಸುವಾಗ ಎರಡೂ ಒಂದೇ ಋತುವಿನವಾಗಿರಲಿ. ಮಳೆಗಾಲದ ಚಿತ್ರದ ಪಕ್ಕದಲ್ಲಿ ಬೇಸಿಗೆಯ ಚಿತ್ರವನ್ನಿಟ್ಟರೆ ಯಾವ ಕೆರೆಯೂ ಕುಗ್ಗಿದಂತೆಯೇ ಕಾಣುತ್ತದೆ. ಕಂಡದ್ದನ್ನು ಗುರುತು ಹಾಕಿ, ಎರಡೂ ದಿನಾಂಕಗಳನ್ನು ಟಿಪ್ಪಣಿಯಲ್ಲಿ ಬರೆದು, ಕೆಎಂಎಲ್ (ನಕ್ಷೆಯ ಗುರುತುಗಳನ್ನು ಉಳಿಸುವ ಮಾದರಿ) ಕಡತವಾಗಿ ಉಳಿಸಿದರೆ, 2008ರಿಂದ ಅದು ಮುಕ್ತ ಮಾನದಂಡವಾಗಿರುವುದರಿಂದ, ಬೇರೆ ತಂತ್ರಾಂಶ ಬಳಸುವವರೂ ಅದೇ ಜಾಗವನ್ನು ತೆರೆದು ನಿಮ್ಮ ಮಾತನ್ನು ಪರಿಶೀಲಿಸಬಹುದು.