‘ಮಾನೊ’: ಸ್ಪ್ಯಾನಿಷ್ ನುಡಿಯಲ್ಲಿ ಕೈಯ ವಿಸ್ತಾರ

ಮಾನ್ಯರೆ,

ಸ್ಪ್ಯಾನಿಷ್ ಕಲಿಯತೊಡಗಿದವರಿಗೆ ಬೇಗನೆ ಪರಿಚಯವಾಗುವ ನಾಮಪದಗಳಲ್ಲಿ ‘ಮಾನೊ’ ಒಂದು. ಮೂಲಾರ್ಥ ಕೈ. ‘ಒ’ ಸ್ವರದಿಂದ ಕೊನೆಯಾಗುವ ನಾಮಪದಗಳು ಸಾಮಾನ್ಯವಾಗಿ ಪುಲ್ಲಿಂಗವಾಗಿದ್ದರೂ ಇದು ಸ್ತ್ರೀಲಿಂಗ. ‘ಲಾ ಮಾನೊ’ ಎಂದೇ ಹೇಳಬೇಕು. ಲ್ಯಾಟಿನ್ನಿನ ‘ಮಾನುಸ್’ ಸ್ತ್ರೀಲಿಂಗವಾಗಿತ್ತು, ಆ ಲಿಂಗ ಹಾಗೆಯೇ ಉಳಿದುಬಂದಿದೆ. ಪುಟ್ಟ ಕೈಯನ್ನು ಸ್ಪೇನ್ ಮತ್ತು ಮೆಕ್ಸಿಕೋಗಳಲ್ಲಿ ‘ಮಾನಿತಾ’ ಎಂದೂ ಲ್ಯಾಟಿನ್ ಅಮೆರಿಕದ ಉಳಿದ ಬಹುಭಾಗದಲ್ಲಿ ‘ಮಾನಿತೊ’ ಎಂದೂ ಕರೆಯುತ್ತಾರೆ.

ಈ ಪದದ ಅರ್ಥಗಳನ್ನು ಬೆಳೆಸಿದ್ದು ಕೈಯ ಆಕಾರಕ್ಕಿಂತ ಹೆಚ್ಚಾಗಿ ಕೈ ಮಾಡುವ ಕೆಲಸ ಎಂದು ನಾನು ಭಾವಿಸುತ್ತೇನೆ. ಗೋಡೆಗೆ ಒಂದು ಸಲ ಬಳಿದ ಬಣ್ಣ ‘ಉನಾ ಮಾನೊ ದೆ ಪಿಂತೂರಾ’. ದುಡಿಯುವ ಜನರೂ ಅವರ ದುಡಿಮೆಯೂ ಒಟ್ಟಾಗಿ ‘ಮಾನೊ ದೆ ಓಬ್ರಾ’. ಕಾಗದದ ವ್ಯಾಪಾರದಲ್ಲಿ 500 ಹಾಳೆಗಳ ರೀಮಿನ 20ನೆಯ ಒಂದು ಪಾಲು, ಅಂದರೆ 25 ಹಾಳೆಗಳ ಕಟ್ಟು, ಒಂದು ‘ಮಾನೊ’. ಇಸ್ಪೀಟಿನಲ್ಲಿ ಮೊದಲು ಎಲೆ ಇಳಿಸುವವರಿಗೂ ಅದೇ ಹೆಸರು. ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸುವ ಬಳಕೆ ಮಾತ್ರ ಮೆಕ್ಸಿಕೋದ ಅಡುಗೆಮನೆಯದು: ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ‘ಮೆತಾತೆ’ ಎಂಬ ಕಲ್ಲಿನ ಮೇಲೆ ಅರೆಯುವಾಗ ಎರಡೂ ಕೈಗಳಿಂದ ಹಿಡಿದು ಹಿಂದೆ ಮುಂದೆ ಉಜ್ಜುವ ಉದ್ದನೆಯ ಕಲ್ಲನ್ನೂ ‘ಮಾನೊ’ ಎನ್ನುತ್ತಾರೆ. ಅಲ್ಲಿ ಉಪಕರಣವೇ ಕೈಯಾಗಿದೆ.

ಔಷಧಿ ಕೂಡಲೇ ಗುಣ ಕೊಟ್ಟರೆ ಅದು ‘ಮಾನೊ ದೆ ಸಾಂತೊ’, ಸಂತನ ಕೈ. ವೈದ್ಯರ ಕೈಗುಣವನ್ನು ನಂಬುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಎಡಗೈಯಿಂದ ಕೊಡುವುದನ್ನು ಅಗೌರವವೆಂದು ಎಣಿಸುವ ನಾವು ‘ತೆನೆರ್ ಮಾನೊ ಇಸ್ಕಿಯೆರ್ದಾ’ ಎಂಬ ನುಡಿಗಟ್ಟನ್ನು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಎಡಗೈ ಇರುವುದೆಂದರೆ ಅಲ್ಲಿ ಕಠಿಣ ಸಂದರ್ಭವನ್ನು ಯಾರ ಮನಸ್ಸೂ ನೋಯದಂತೆ ಜಾಣತನದಿಂದ ನಿಭಾಯಿಸುವ ಸಾಮರ್ಥ್ಯ. ಅದು ಪ್ರಶಂಸೆಯ ಮಾತು. ಇದಕ್ಕೆ ತದ್ವಿರುದ್ಧವಾದದ್ದು ‘ಮಾನೊ ದೂರಾ’, ಗಡಸು ಕೈ. ಎಲ್ ಸಾಲ್ವಡೋರ್ ಸರ್ಕಾರ 2003ರಲ್ಲಿ ಬೀದಿ ಗ್ಯಾಂಗುಗಳ ವಿರುದ್ಧ ಕೈಗೊಂಡ ಯೋಜನೆಗೆ ಇದೇ ಹೆಸರನ್ನಿಟ್ಟಿತ್ತು. ಮನೆಮಾತಿನ ಪದವೊಂದು ಸರ್ಕಾರಿ ನೀತಿಯ ಹೆಸರಾದಾಗ ಅದರ ಹಿಂದಿರುವ ದಂಡನೆಯ ತೀವ್ರತೆ ಕೇಳುವವರಿಗೆ ಹಗುರವಾಗಿ ತೋರುತ್ತದೆ ಎಂಬ ಆತಂಕ ನನ್ನದು.

ಫುಟ್‌ಬಾಲಿನಲ್ಲಿ ಚೆಂಡಿಗೆ ಕೈ ತಗುಲಿದ ತಪ್ಪೂ ‘ಮಾನೊ’. 1986ರ ಜೂನ್ 22ರಂದು ಮೆಕ್ಸಿಕೋ ನಗರದಲ್ಲಿ ಇಂಗ್ಲೆಂಡ್ ವಿರುದ್ಧ ಅರ್ಜೆಂಟೀನಾದ ಮರಡೋನಾ ಕೈಯಿಂದ ಹೊಡೆದ ಗೋಲು ‘ಲಾ ಮಾನೊ ದೆ ದಿಯೋಸ್’, ದೇವರ ಕೈ, ಎಂದು ಹೆಸರಾಯಿತು.

ನೆರವು ನೀಡುವುದಕ್ಕೆ ಸ್ಪೇನಿನವರು ಹೆಚ್ಚಾಗಿ ‘ಎಚಾರ್ ಉನಾ ಮಾನೊ’ ಎಂದರೆ, ಅರ್ಜೆಂಟೀನಾದವರು ‘ದಾರ್ ಉನಾ ಮಾನೊ’ ಎನ್ನುತ್ತಾರೆ. ಮೆಕ್ಸಿಕೋದಲ್ಲಿ ಗೆಳೆಯನೊಬ್ಬ ‘ಮಾನೊ’ ಎಂದು ಕೂಗಿದರೆ ಮಾತ್ರ ಅಲ್ಲಿ ಕೈಯನ್ನು ಹುಡುಕಬಾರದು. ಅದು ಸಹೋದರ ಎಂಬರ್ಥದ ‘ಎರ್ಮಾನೊ’ ಪದದ ಮೊಟಕು ರೂಪ.