ಒಂದು ದಿನಕ್ಕೆ ಒಂದೇ ಜಾಗ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ. ಅಲ್ಲಿಂದ ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲೇ. ಮೊದಮೊದಲು ಮನೆ ತುಂಬಿದ ಹಾಗೆ ಖುಷಿ. ಆಮೇಲೆ "ಅಮ್ಮಾ, ಬೋರು" ಶುರುವಾಗುತ್ತದೆ. ಅದಾದ ಮೇಲೆ ಅಪ್ಪನ ಮೊಬೈಲನ್ನು ಅಪ್ಪನೇ ಹುಡುಕಬೇಕು. ಮೈಸೂರು, ಮಂಡ್ಯ ಕಡೆ ಇರುವ ತಂದೆ ತಾಯಂದಿರಿಗೆ ಈ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು, ಹೋಗುವಾಗ ಏನು ತಿಳಿದಿರಬೇಕು, ಕಷ್ಟ ಬಂದರೆ ಯಾರನ್ನು ಕೇಳಬೇಕು, ಇವತ್ತು ಇಷ್ಟು ಮಾತಾಡೋಣ.

ಮೊದಲೇ ನನ್ನದೊಂದು ಹಟ ಹೇಳಿಬಿಡುತ್ತೇನೆ. ಮಕ್ಕಳ ಜೊತೆ ಹೊರಟರೆ ಒಂದು ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಬೆಟ್ಟ, ಹತ್ತು ಗಂಟೆಗೆ ಅರಮನೆ, ಮಧ್ಯಾಹ್ನ ಮೃಗಾಲಯ, ಸಂಜೆ ಕೆಆರ್‌ಎಸ್ ಕಾರಂಜಿ, ಇದು ಟೂರಿಸ್ಟ್ ಬಸ್ಸಿನವರ ಲೆಕ್ಕ. ಅವರು ರಾತ್ರಿಗೆ ಬೇರೆ ಊರು ಸೇರಬೇಕು, ಪಾಪ. ಈ ಸೀಮೆಯಲ್ಲೇ ಇರುವ ನಮಗೆ ಏನು ಅವಸರ? ಐದು ಜಾಗ ನೋಡಿ ಬಂದ ಮಗುವನ್ನು ರಾತ್ರಿ "ಏನು ನೋಡಿದೆ ಮರಿ?" ಅಂತ ಕೇಳಿ. "ಐಸ್‌ಕ್ರೀಂ ತಿಂದೆ" ಅನ್ನುತ್ತದೆ.

ಮೃಗಾಲಯವನ್ನೇ ತೆಗೆದುಕೊಳ್ಳಿ. ನಮ್ಮ ಶ್ರೀ ಚಾಮರಾಜೇಂದ್ರ ಮೃಗಾಲಯ 1892ರಲ್ಲಿ ಹತ್ತು ಎಕರೆಯಷ್ಟು ಜಾಗದಲ್ಲಿ ಶುರುವಾದದ್ದು. ಈಗ ಒಳಗೆ ಒಂದು ಸುತ್ತು ಬಂದರೆ ಹತ್ತಿರ ಹತ್ತಿರ ಮೂರು ಕಿಲೋಮೀಟರ್ ನಡೆದಿರುತ್ತೀರಿ. ಮೂರು ವರ್ಷದ ಮಗು ಅಷ್ಟು ನಡೆಯುತ್ತದಾ? ಅರ್ಧ ದಾರಿಗೆ "ಎತ್ಕೋ" ಅಂತ ಕೈ ಮೇಲೆತ್ತುತ್ತದೆ. ಹಾಗಾಗಿ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯುವಾಗಲೇ ಅಲ್ಲಿರಿ. ಬಿಸಿಲು ಏರುವ ಮೊದಲು ಪ್ರಾಣಿಗಳೂ ಓಡಾಡಿಕೊಂಡಿರುತ್ತವೆ. ಹನ್ನೆರಡು ಗಂಟೆಗೆ ಹೋದರೆ ಹುಲಿ ನೆರಳಲ್ಲಿ ಮಲಗಿರುತ್ತದೆ, ನಿಮಗೆ ಅದರ ಬೆನ್ನು ಕಾಣುತ್ತದೆ, ಅಷ್ಟೇ. ವಯಸ್ಸಾದವರು ಜೊತೆಗಿದ್ದರೆ ಬ್ಯಾಟರಿ ಗಾಡಿ ಇದೆಯಾ ಅಂತ ಕೌಂಟರಿನಲ್ಲೇ ವಿಚಾರಿಸಿ. ಪ್ಲಾಸ್ಟಿಕ್ ಕವರು ಒಳಗೆ ಬಿಡುವುದಿಲ್ಲ, ಬಟ್ಟೆ ಚೀಲ ಇಟ್ಟುಕೊಳ್ಳಿ. ಮಂಗಳವಾರ ವಾರದ ರಜೆ. ಹಬ್ಬದ ಕಾಲದಲ್ಲಿ ಮಂಗಳವಾರವೂ ತೆಗೆದಿರುವುದುಂಟು, ಆದರೆ ಕೇಳಿಕೊಂಡು ಹೊರಡುವುದು ವಾಸಿ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಲೇಬೇಕು ಅಂತ ಓಡಿಸಬೇಡಿ. ಜಿರಾಫೆ ಹತ್ತಿರ ಕಾಲು ಗಂಟೆ ನಿಲ್ಲಿ. ಅದು ಎಲೆ ಕೀಳುವಾಗ ನಾಲಿಗೆ ಹೊರಗೆ ಬರುತ್ತದೆ. ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆ ಇರುತ್ತದಲ್ಲ, ಅದೇ ಬಣ್ಣ. ಇದನ್ನು ಒಮ್ಮೆ ಕಂಡ ಮಗು ಮುಂದಿನ ಪ್ರಾಣಿಗೆ ಹೋಗುವುದಕ್ಕೇ ಒಪ್ಪುವುದಿಲ್ಲ. ಇನ್ನು ಗೊರಿಲ್ಲಾಗಳು. ಥಾಬೋ, ಡೆಂಬಾ ಅಂತ ಎರಡು, 2021ರಲ್ಲಿ ಜರ್ಮನಿಯಿಂದ ಬಂದವು. ಅವು ಕೂತು ಯೋಚನೆ ಮಾಡುವುದನ್ನು ನೋಡುತ್ತಾ ದೊಡ್ಡವರೇ ಹೊತ್ತು ಮರೆಯುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಮೃಗಾಲಯದವರೇ ನಡೆಸುವ ಯೂತ್ ಕ್ಲಬ್, ಬೇಸಿಗೆ ಶಿಬಿರಗಳ ಬಗ್ಗೆ ಕೇಳಿ. ಪ್ರಾಣಿಗಳ ಆಹಾರ, ಆರೈಕೆ, ಕಾಡಿನ ವಿಷಯ ಎಲ್ಲ ಹತ್ತಿರದಿಂದ ತಿಳಿಯುತ್ತದೆ.

ಪಕ್ಕದಲ್ಲೇ ಕಾರಂಜಿ ಕೆರೆ. ಅಲ್ಲಿ ಒಳಗೇ ನಡೆದಾಡಬಹುದಾದ ದೊಡ್ಡ ಪಕ್ಷಿಮನೆ ಇದೆ, ಚಿಟ್ಟೆ ಉದ್ಯಾನ ಇದೆ, ದೋಣಿ ಇದೆ. ಕೆರೆ ಅಂಚಿನಲ್ಲೇ 1995ರಲ್ಲಿ ಶುರುವಾದ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ. ಮೃಗಾಲಯದ ಪಕ್ಕದಲ್ಲೇ ಇದ್ದರೂ ಎಷ್ಟೋ ಮೈಸೂರಿನವರು ಅದರೊಳಗೆ ಕಾಲಿಟ್ಟಿಲ್ಲ. ಮೃಗಾಲಯದ ದಿನವೇ ಇದನ್ನೂ ಸೇರಿಸಬೇಡಿ, ಇನ್ನೊಂದು ದಿನಕ್ಕೆ ಇರಲಿ.

ಹಕ್ಕಿ ಅಂದಾಗ ರಂಗನತಿಟ್ಟು ಎಲ್ಲರಿಗೂ ಗೊತ್ತು. ಪಕ್ಷಿತಜ್ಞ ಸಲೀಂ ಅಲಿ ಮಹಾರಾಜರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮವಾದದ್ದು. ಕಾವೇರಿ ನಡುವಿನ ತಿಟ್ಟುಗಳಲ್ಲಿ ಮರದ ತುಂಬ ಗೂಡು. ದೋಣಿಯಲ್ಲಿ ಹೋಗುವಾಗ ಬಂಡೆ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಅದು ಬೊಂಬೆ ಅಂತ ವಾದ ಮಾಡುವ ಮಗು ಪ್ರತಿ ದೋಣಿಯಲ್ಲೂ ಒಂದಿರುತ್ತದೆ! ಮಕ್ಕಳು ನೀರಿಗೆ ಕೈ ಹಾಕದ ಹಾಗೆ ನೋಡಿಕೊಳ್ಳಿ. ಚಳಿಗಾಲದಿಂದ ಬೇಸಿಗೆಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸಿಬಿಡುತ್ತಾರೆ. ಆಗ ಸುಮ್ನೆ ಹೋಗಿ ಬಂದ ಹಾಗಾಗುತ್ತದೆ.

ನನ್ನನ್ನು ಕೇಳಿದರೆ ಇದಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿಸುವುದು ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕಿನ ಹಳ್ಳಿ. ಅಲ್ಲಿ ಹಕ್ಕಿಗಳಿಗೆ ಅಂತ ಬೇಲಿ ಇಲ್ಲ, ದ್ವೀಪ ಇಲ್ಲ. ಊರೊಳಗೆ, ಮನೆ ಹಿತ್ತಲಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆಗಳೂ, ಅಂದರೆ ಪೆಲಿಕನ್‌ಗಳೂ, ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮೇಲೆ ಮರಿಗಳ ಗಲಾಟೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಈ ಹಕ್ಕಿಗಳನ್ನು ಕರೆಯುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲದೊಳಗೆ ತಲೆ ತೂರಿಸಿ ಮೀನು ತಿನ್ನುವುದನ್ನು ಮಗುವಿಗೆ ತೋರಿಸಿ. ಯಾವ ಪಾಠವೂ ಬೇಡ. ಜನವರಿಯಿಂದ ಏಪ್ರಿಲ್ ಒಳಗೆ ಹೋದರೆ ಸಂಸಾರ ತುಂಬಿರುತ್ತದೆ. ಮೇ ಕೊನೆಗೆ ಹೋದರೆ ಹೆಚ್ಚಿನವು ಹಾರಿಹೋಗಿರುತ್ತವೆ. ಟೋಪಿ ಹಾಕಿಕೊಂಡು ಹೋಗಿ. ಯಾಕೆ ಅಂತ ಮರದ ಕೆಳಗೆ ನಿಂತಾಗ ಗೊತ್ತಾಗುತ್ತದೆ.

ಆ ಕಡೆ ಹೋದವರು ಇನ್ನೊಂದು ದಿನ ಬೆಲ್ಲ ಮಾಡುವ ಆಲೆಮನೆಗೆ ಹೋಗಿ. ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಗದ್ದೆ ನಡುವೆ ಹೊಗೆ ಕಂಡರೆ ಅಲ್ಲೊಂದು ಆಲೆಮನೆ ಅಂತ ತಿಳಿಯಿರಿ. ಟಿಕೆಟ್ಟಿಲ್ಲ, ಗೈಡಿಲ್ಲ. "ಅಣ್ಣ, ಮಕ್ಕಳು ಸ್ವಲ್ಪ ನೋಡಬಹುದಾ?" ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ಗಾಣಕ್ಕೆ ಕಬ್ಬು ಕೊಡುತ್ತಾರೆ, ಕಬ್ಬಿನ ಹಾಲು ಸೋಸಿ ಕೊಪ್ಪರಿಗೆಗೆ ಬಿಡುತ್ತಾರೆ. ಉರಿಗೂ ಒಣಗಿದ ಕಬ್ಬಿನ ಸಿಪ್ಪೆಯೇ. ಮೇಲೆ ಬಂದ ಕಪ್ಪು ಮಡ್ಡಿಯನ್ನು ಉದ್ದ ಹಿಡಿಯ ಜಾಲರಿಯಲ್ಲಿ ತೆಗೆಯುತ್ತಾ ಇರುತ್ತಾರೆ. ಮಡ್ಡಿ ಹೋದ ಹಾಗೆ ಹಸಿರು ಕೂಡಿದ ಹಾಲು ಹೊಂಬಣ್ಣಕ್ಕೆ ತಿರುಗುತ್ತದೆ. ಪಾಕ ಬಂತಾ ಇಲ್ಲವಾ ನೋಡುವುದಕ್ಕೆ ಮೀಟರ್ ಗೀಟರ್ ಇಲ್ಲ. ಹದ ನೋಡುವವರು ಒಂದು ಚೂರು ಪಾಕ ತೆಗೆದು ತಣ್ಣೀರಿಗೆ ಹಾಕುತ್ತಾರೆ. ಬೆರಳಲ್ಲಿ ಉಂಡೆ ಕಟ್ಟಿದರೆ ಸರಿ, ಕೊಪ್ಪರಿಗೆ ಇಳಿಸುತ್ತಾರೆ. ಆಮೇಲೆ ಅಚ್ಚಿಗೆ. ಆರುವ ಮೊದಲು ಒಂದು ಚೂರು ಬಿಸಿ ಬೆಲ್ಲವನ್ನು ಕಬ್ಬಿನ ಎಲೆಯ ಮೇಲೆ ಮಕ್ಕಳ ಕೈಗೆ ಕೊಡುತ್ತಾರೆ ನೋಡಿ, ಚಾಕೊಲೇಟು ಮರೆತೇ ಹೋಗುತ್ತದೆ. ಆದರೆ ಒಂದು ಎಚ್ಚರ. ಕೊಪ್ಪರಿಗೆ ಹತ್ತಿರ, ಗಾಣದ ಹತ್ತಿರ ಮಗುವಿನ ಕೈ ಬಿಡಬೇಡಿ. ಕುದಿಯುವ ಪಾಕ ಮೈಗೆ ಹತ್ತಿದರೆ ಬಿಡುವುದಿಲ್ಲ. ಮನೆಗೆ ಬೆಲ್ಲ ಕೊಳ್ಳುವುದಾದರೆ ಹಳದಿ ಹಳದಿಯಾಗಿ ಹೊಳೆಯುವುದಕ್ಕೆ ಮರುಳಾಗಬೇಡಿ. ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವವರಿದ್ದಾರೆ. ಕಂದು ಬಣ್ಣದ್ದು ಕೇಳಿ ತನ್ನಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮಕ್ಕಳಿಗೆ ಜಾಸ್ತಿ ಅನ್ನಿಸಿದರೆ ಒಂದು ಉಪಾಯ. 201ನೇ ನಂಬರಿನ ಸಿಟಿ ಬಸ್ಸಿನಲ್ಲಿ ಮೇಲೆ ಹೋಗಿ, ದರ್ಶನ ಮಾಡಿ, ಮೆಟ್ಟಿಲಲ್ಲಿ ಇಳಿಯಿರಿ. ಮುನ್ನೂರು ಮೆಟ್ಟಿಲು ಇಳಿದರೆ ನಂದಿ. 1659ರಲ್ಲಿ ದೊಡ್ಡದೇವರಾಜ ಒಡೆಯರು ಒಂದೇ ಬಂಡೆಯಲ್ಲಿ ಕಡೆಸಿದ್ದು. ಕೊರಳ ಗಂಟೆಗಳ ಸಾಲನ್ನು ಎಣಿಸುವುದಕ್ಕೆ ಮಕ್ಕಳಿಗೆ ಬಿಡಿ, ನಿಮಗೂ ಉಸಿರಾಡಲು ಹೊತ್ತು ಸಿಗುತ್ತದೆ. ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಮಾತ್ರ ಹೋಗಬೇಡಿ. ಕೋತಿಗಳು ಕಾಯುತ್ತಲೇ ಇರುತ್ತವೆ.

ಇನ್ನೊಂದು ದಿನಕ್ಕೆ ರೈಲ್ವೆ ನಿಲ್ದಾಣದ ಹತ್ತಿರದ ರೈಲು ವಸ್ತುಸಂಗ್ರಹಾಲಯ ಒಳ್ಳೆಯದು. 1979ರಲ್ಲಿ ಆದದ್ದು. ಮಹಾರಾಣಿಯವರ ಸಲೂನ್ ಬೋಗಿ ಇದೆ, ಅಡುಗೆ ಮನೆ ಸಮೇತ. ಆದರೆ ಮಕ್ಕಳು ಮುತ್ತಿಕೊಳ್ಳುವುದು ಹಳೆಯ ಆಸ್ಟಿನ್ ಕಾರನ್ನು. ರಸ್ತೆ ಕಾರಿಗೆ ರೈಲಿನ ಚಕ್ರ ಹಾಕಿ ಹಳಿ ಮೇಲೆ ಓಡಿಸಿದ್ದರು.

ಇನ್ನು, ದಿನಾ ಸುತ್ತಾಡಿಸುವುದು ಯಾರಿಂದಾಗುತ್ತದೆ ಹೇಳಿ. ಕೆಲಸಕ್ಕೆ ಹೋಗುವ ತಂದೆ ತಾಯಿಗೆ ಶಿಬಿರವೇ ಗತಿ. ಮೈಸೂರಿನಲ್ಲಿ ರಂಗಾಯಣದ ಚಿಣ್ಣರ ಮೇಳಕ್ಕೆ ದೊಡ್ಡ ಹೆಸರು. ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಶುರುವಾದ ನಾಟಕ ಸಂಸ್ಥೆ ಅದು. ಬೇಸಿಗೆಯಲ್ಲಿ ಕಲಾಮಂದಿರದ ಆವರಣಕ್ಕೆ ಹೋಗಿ ನೋಡಿ, ಮರದ ಕೆಳಗೆಲ್ಲ ಮಕ್ಕಳೇ. ಹಾಡು, ಮುಖವಾಡ, ಕುಣಿತ, ಕೊನೆಗೆ ಅವರದೇ ನಾಟಕ. ಅರ್ಜಿಗೆ ನೂಕುನುಗ್ಗಲು ಇರುತ್ತದೆ. ಮಾರ್ಚ್ ತಿಂಗಳಿಂದಲೇ ಪತ್ರಿಕೆ ಮೇಲೆ ಕಣ್ಣಿಡಿ. ಖಾಸಗಿ ಶಿಬಿರಗಳು ಬೀದಿಗೊಂದಿವೆ. ದುಡ್ಡು ಕಟ್ಟುವ ಮೊದಲು ಒಂದು ಸಲ ಹೋಗಿ ಶೌಚಾಲಯ, ಕುಡಿಯುವ ನೀರು, ಗೇಟು ನೋಡಿ. ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು ಅಂತ ಕೇಳಿ. ರೋಬೋಟು, ಅಬಾಕಸ್ಸು ಅಂತ ಏನೇನು ಕಲಿಸುತ್ತಾರೆ ಅನ್ನುವುದು ಆಮೇಲಿನ ಮಾತು.

ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಮರೆಯಬೇಡಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಿಂದ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಬೇಸಿಗೆ ಶಿಬಿರ, ಚೆಸ್, ಕೇರಂ ಕೂಡ ಎಷ್ಟೋ ಕಡೆ ನಡೆಯುತ್ತವೆ. ನಿಮ್ಮ ಊರಿನಲ್ಲಿ ಬಾಗಿಲು ಹಾಕಿದ್ದರೆ ಪಂಚಾಯಿತಿಯಲ್ಲಿ ಕೇಳಿ. ಕೇಳುವವರಿದ್ದರೆ ತಾನೇ ತೆಗೆಯುವುದು. ತೀರಾ ಚಿಕ್ಕ ಕೂಸು ಇರುವ, ಸರ್ಕಾರದ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಪಂಚಾಯಿತಿಯ ಕೂಸಿನ ಮನೆ ಇದೆ. ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮೂರು ತುಂಬಿದ ಮೇಲೆ ಅಂಗನವಾಡಿ ಇದ್ದೇ ಇದೆ.

ಬಸ್ಸು, ರೈಲಿನ ಲೆಕ್ಕ ಹೇಳಿಬಿಡುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸಾಮಾನ್ಯ ಬಸ್ಸು, ವೇಗದೂತ ಬಸ್ಸು ಉಚಿತ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಎಸಿ ಬಸ್ಸಿಗೆ ನಡೆಯುವುದಿಲ್ಲ. ಅಂದರೆ ಮನೆಮಂದಿಯೆಲ್ಲ ಹೊರಟರೆ ಟಿಕೆಟ್ ತೆಗೆಯಬೇಕಾದವರು ಅಪ್ಪ ಮತ್ತು ಮಗ ಮಾತ್ರ! ರೈಲಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಸೀಟು ಕೇಳದಿದ್ದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರೊಳಗೆ, ರಿಸರ್ವೇಶನ್ ಬೋಗಿಯಲ್ಲಿ ಬೇರೆ ಬರ್ತ್ ಬೇಕು ಅಂದರೆ ಪೂರ್ತಿ ದರ, ಬೇಡ ಅಂದರೆ ಅರ್ಧ. ದಸರಾ, ಜಾತ್ರೆಯಂಥ ಜನಜಂಗುಳಿಗೆ ಹೋಗುವಾಗ ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಹೆಸರು ಚೀಟಿಯ ಹೊರಗೆ ಕಾಣುವ ಹಾಗೆ ಬರೆಯಬೇಡಿ, ಹೆಸರು ಹಿಡಿದು ಕರೆದವರ ಹಿಂದೆ ಮಗು ಹೋಗಿಬಿಡುತ್ತದೆ. ಮಕ್ಕಳಿಗೆ ತೊಂದರೆಯಾದರೆ 1098, ತುರ್ತಿಗೆ 112, ಆಂಬುಲೆನ್ಸಿಗೆ 108. ಮೂರೂ ಉಚಿತ ಕರೆ. ಮಕ್ಕಳನ್ನು ನೋಡಿಕೊಂಡು ನೋಡಿಕೊಂಡು ನಿಮಗೇ ಮನಸ್ಸು ಕುಗ್ಗಿದೆ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಇನ್ನೊಂದು ವಿಷಯ. ರಜೆಯಲ್ಲಿ ನೆಂಟರ ಮಕ್ಕಳೆಲ್ಲ ಒಟ್ಟಿಗೆ ಸೇರುತ್ತಾರೆ. ಆಗಲೇ ಎಷ್ಟೋ ತಾಯಂದಿರಿಗೆ ಹೊಳೆಯುವುದು, ಅಕ್ಕನ ಮಗ ಪಟಪಟ ಮಾತಾಡುತ್ತಾನೆ, ನಮ್ಮದು ಇನ್ನೂ ಸನ್ನೆ ಮಾಡುತ್ತಿದೆ ಅಂತ. ಮನೆಯ ಹಿರಿಯರು "ಅವರಪ್ಪನೂ ತಡವಾಗೇ ಮಾತಾಡಿದ್ದು, ಬಿಡು" ಅನ್ನುತ್ತಾರೆ. ಬಿಡಬೇಡಿ. ಎರಡು ವರ್ಷ ತುಂಬಿದರೂ "ಅಮ್ಮ ಬಾ", "ಹಾಲು ಕೊಡು" ಅಂತ ಎರಡು ಪದ ಜೋಡಿಸದಿದ್ದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಈ ವಿಷಯದಲ್ಲಿ ನಾವು ಪುಣ್ಯವಂತರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ದೇಶದ ಬೇರೆ ಬೇರೆ ಕಡೆಯವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾರೆ. ಕಿವಿ ಪರೀಕ್ಷೆ, ಮಾತಿನ ತರಬೇತಿ, ಶ್ರವಣ ಸಾಧನ, ಚಿಕ್ಕ ಮಕ್ಕಳ ಶಾಲಾಪೂರ್ವ ತರಗತಿ ಎಲ್ಲ ಒಂದೇ ಕಡೆ. ಮನೆಯಲ್ಲಿ ಹೇಗೆ ಮಾತಾಡಿಸಬೇಕು ಅಂತ ತಾಯಿಗೂ ಕಲಿಸುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಹೊಸಬರ ನೋಂದಣಿಗೆ ಹೊತ್ತು ಹಿಡಿಯುತ್ತದೆ. ಮಗುವಿನ ತಾಯಿ ಕಾರ್ಡು, ಹಳೆಯ ಆಸ್ಪತ್ರೆ ಚೀಟಿ ಇದ್ದರೆ ಜೊತೆಗಿರಲಿ. ಅಷ್ಟು ದೂರ ಬರಲು ಆಗದವರು ಅಂಗನವಾಡಿಗೆ, ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರಿಗೆ ತೋರಿಸಿ. ಅವರು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ.

ನಮಸ್ಕಾರ.